ಪದಕ್ಕಿಷ್ಟು ಎಂಬ ಲೆಕ್ಕ

ಮೈಸೂರಿನಲ್ಲಿ ಒಂದು ಅನುವಾದ ಕಮ್ಮಟ ಮುಗಿದ ಸಂಜೆ ಇಬ್ಬರು ಆಡಿದ ಮಾತು ಇದು. ಒಬ್ಬರು ಹಳಬರು. ಜಪಾನಿ ಭಾಷೆಯಿಂದ ಇಂಗ್ಲಿಷಿಗೆ ಪೇಟೆಂಟ್ ದಾಖಲೆ, ಯಂತ್ರಗಳ ಕೈಪಿಡಿ, ಕರಾರುಪತ್ರಗಳನ್ನು ಅನುವಾದಿಸುತ್ತ, ಯಾವ ಕಂಪನಿಯ ಸಂಬಳಕ್ಕೂ ಕೈಯೊಡ್ಡದೆ, ಬೆಂಗಳೂರಿನ ಮನೆಯ ಒಂದು ಕೋಣೆಯಲ್ಲೇ ಬದುಕು ಕಟ್ಟಿಕೊಂಡವರು. ಇನ್ನೊಬ್ಬಳು ಹೊಸಬಳು. ಕನ್ನಡ ಕಥೆಗಳನ್ನು ಇಂಗ್ಲಿಷಿಗೆ ತರಬೇಕೆಂಬ ಹಟಕ್ಕೆ ನೌಕರಿ ಬಿಟ್ಟು ಬಂದವಳು. ಹಗಲು ಏಜೆನ್ಸಿಗಳ ಬಿಡಿ ಕೆಲಸ, ರಾತ್ರಿ ಕಥೆ. ನಾನು ಪಕ್ಕದಲ್ಲಿದ್ದೆ, ಬಾಯಿ ಹಾಕಿದ್ದು ಕಡಿಮೆ. ಇವರಲ್ಲಿ ಯಾರು ಸರಿ ಎಂದು ಆಗಲೂ ತೀರ್ಮಾನಿಸಲಾಗಲಿಲ್ಲ, ಬರೆಯುವಾಗಲೂ ಆಗುತ್ತಿಲ್ಲ. ಇಬ್ಬರಿಗೂ ಈ ಕಸುಬಿನ ಮೇಲೆ ಇರುವ ಪ್ರೀತಿ ಮಾತ್ರ ಒಂದೇ ತೂಕದ್ದು.

ಹೊಸಬಳು: ಸರ್, ಬೆಳಿಗ್ಗೆ ನೀವು ವೇದಿಕೆ ಮೇಲಿಂದ ಒಂದು ಮಾತು ಹೇಳಿದಿರಿ. ಇದನ್ನೇ ನಂಬಿ ಯಾರೂ ಸಂಸಾರ ಹೂಡಬೇಡಿ ಅಂತ. ಎದುರಿಗೆ ಕೂತಿದ್ದವರಲ್ಲಿ ಅರ್ಧ ಜನ ಇದನ್ನೇ ನಂಬಿ ಬಂದವರು. ಆ ಮಾತು ಬೇಕಿತ್ತಾ?

ಹಳಬರು: ಬೇಕಿತ್ತು. ಅನುವಾದ ಮಾಡಬೇಡಿ ಅಂತ ನಾನು ಹೇಳಲಿಲ್ಲ. ಪದಕ್ಕಿಷ್ಟು ಅಂತ ಬರುವ ಕೂಲಿಯನ್ನು ನಂಬಬೇಡಿ ಅಂದೆ.

ಹೊಸಬಳು: ನೀವು ಅದನ್ನೇ ನಂಬಿ ಮನೆ ಕಟ್ಟಿದಿರಿ, ಮಕ್ಕಳನ್ನು ಓದಿಸಿದಿರಿ.

ಹಳಬರು: ಆ ಕಾಲವೇ ಬೇರೆ. ಜಪಾನಿನ ಕಂಪನಿ ತನ್ನ ಪೇಟೆಂಟಿನ ಅಂತಾರಾಷ್ಟ್ರೀಯ ಅರ್ಜಿಯನ್ನು ಜಪಾನಿಯಲ್ಲೇ ಸಲ್ಲಿಸಬಹುದು. ಆದರೆ ಆಮೇಲೆ ಒಂದೊಂದು ದೇಶದ ಬಾಗಿಲಿಗೂ ಹೋಗಬೇಕು. ಮೊದಲ ಅರ್ಜಿಯ ದಿನದಿಂದ ಲೆಕ್ಕ ಹಾಕಿ ಅಮೆರಿಕಕ್ಕೆ 30 ತಿಂಗಳು, ಭಾರತಕ್ಕೆ 31 ತಿಂಗಳು. ಅಲ್ಲಿಗೆಲ್ಲ ಇಂಗ್ಲಿಷ್ ಬೇಕು. ಕಂಪನಿಯವರು ಇಪ್ಪತ್ತೆಂಟನೇ ತಿಂಗಳವರೆಗೂ ಯೋಚನೆ ಮಾಡುತ್ತಿದ್ದರು, ಖರ್ಚು ಮಾಡೋದಾ ಬೇಡವಾ ಅಂತ. ಉಳಿದ ಗಡಿಬಿಡಿಯೆಲ್ಲ ನಮ್ಮ ತಲೆಗೆ. ಆದರೆ ಆ ಗಡಿಬಿಡಿಗೆ ಬೆಲೆ ಇತ್ತು. ಜಪಾನಿ ಓದಿ ಎಂಜಿನಿಯರಿಂಗೂ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆಯಬಲ್ಲವರು ಕಡಿಮೆ. ಕೇಳಿದ್ದನ್ನು ಕೊಡುತ್ತಿದ್ದರು.

ಹೊಸಬಳು: ಈಗಲೂ ಅಂಥವರು ಕಡಿಮೆಯೇ.

ಹಳಬರು: ಕಡಿಮೆಯೇ. ಆದರೆ ಈಗ ಅಂಥವರು ಬೇಕು ಅನ್ನಿಸುವುದು ಕಡಿಮೆಯಾಗಿದೆ. 2016ರ ನವೆಂಬರಿನಲ್ಲಿ ಗೂಗಲ್ ಜಪಾನಿ, ಕೊರಿಯನ್, ಚೀನೀ ಭಾಷೆಗಳಿಗೆ ನ್ಯೂರಲ್ ಅನುವಾದ ತಂದಿತು. ಅದಕ್ಕೆ ಮೊದಲು ಯಂತ್ರದ ಕೈಗೆ ಜಪಾನಿ ವಾಕ್ಯ ಸಿಕ್ಕರೆ ಚಿಂದಿ. ಕ್ರಿಯಾಪದ ಕೊನೆಗೆ, ಕರ್ತೃ ಎಷ್ಟೋ ಸಲ ಇರುವುದೇ ಇಲ್ಲ. ಯಾರು ಮಾಡಿದರು ಎನ್ನುವುದನ್ನು ಓದುಗನೇ ತಿಳಿದುಕೊಳ್ಳಬೇಕು. ನಮಗೆ ಕನ್ನಡದವರಿಗೆ ಅದೇನು ಹೊಸದಲ್ಲ, ಯಂತ್ರಕ್ಕೆ ಅದು ದೊಡ್ಡ ತೊಡಕಾಗಿತ್ತು. ಆಮೇಲೆ ಏಕಾಏಕಿ ಓದುವಂಥ ವಾಕ್ಯ ಬರತೊಡಗಿತು. ಜಪಾನಿನ ಪೇಟೆಂಟ್ ಕಚೇರಿಯೇ ತನ್ನ ಜಾಲತಾಣದಲ್ಲಿ ಯಂತ್ರಾನುವಾದ ಕೊಡುತ್ತದೆ. ಯಾರ ಪೇಟೆಂಟಿನಲ್ಲಿ ಏನಿದೆ ಎಂದು ಸುಮ್ಮನೆ ಕಣ್ಣಾಡಿಸಬೇಕಾದವರಿಗೆ ಅದೇ ಸಾಕು. ಅಂಥ ಕೆಲಸ ಮೊದಲು ಹೋಯಿತು. ಆಮೇಲೆ ನನಗೆ ಬರುವ ಪತ್ರದ ಒಕ್ಕಣೆ ಬದಲಾಯಿತು. ಅನುವಾದಿಸಿ ಅನ್ನುತ್ತಿದ್ದವರು ಯಂತ್ರದ್ದನ್ನು ತಿದ್ದಿಕೊಡಿ ಅಂದರು. ದರ ಅರ್ಧಕ್ಕೂ ಕೆಳಗೆ.

ಹೊಸಬಳು: ಕನ್ನಡಕ್ಕೆ ಅದೇ ಯಂತ್ರ 2017ರಲ್ಲಿ ಬಂತು. ನಾನು ದಿನಾ ಅದರ ಜೊತೆ ಕುಸ್ತಿ ಆಡುತ್ತೇನೆ. ಸರ್, 2025ರ ಜುಲೈನಲ್ಲಿ ಏನಾಯಿತು ನೆನಪಿದೆಯಲ್ಲ? ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿಯನ್ನು ಕನ್ನಡದಲ್ಲಿ ಹಾಕಿದರು. ಮೆಟಾ ಕಂಪನಿಯ ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಸಿದ್ದರಾಮಯ್ಯನವರನ್ನೇ ಸಾಯಿಸಿಬಿಟ್ಟಿತು. ಅವರ ಕಚೇರಿಯವರು ಕಂಪನಿಗೆ ಪತ್ರ ಬರೆದರು, ಸರಿಯಾಗುವ ತನಕ ಕನ್ನಡದ ತನ್ನಿಂತಾನೆ ಅನುವಾದ ನಿಲ್ಲಿಸಿ ಅಂತ. ಕಂಪನಿ ಕ್ಷಮೆ ಕೇಳಿತು. ಹಳೇ ಯಂತ್ರ ತಪ್ಪು ಮಾಡಿದರೆ ಇಂಗ್ಲಿಷೂ ಸೊಟ್ಟಗಿರುತ್ತಿತ್ತು, ಕಣ್ಣಿಗೆ ಹೊಡೆಯುತ್ತಿತ್ತು. ಈಗ ಇಂಗ್ಲಿಷ್ ನೀಟಾಗಿರುತ್ತದೆ, ತಪ್ಪು ಅದರೊಳಗೆ ಅಡಗಿ ಕೂತಿರುತ್ತದೆ. ಎರಡೂ ಭಾಷೆ ಗೊತ್ತಿದ್ದವರಿಗೆ ಮಾತ್ರ ಅದು ಕಾಣುವುದು. ನಾವು ಬೇಕು ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಹಳಬರು: ಅಲ್ಲಿ ಸತ್ತವರು ಮುಖ್ಯಮಂತ್ರಿ, ಅದಕ್ಕೆ ಎಲ್ಲರಿಗೂ ಗೊತ್ತಾಯಿತು. ಒಬ್ಬ ರೈತನ ಅರ್ಜಿಯಲ್ಲಿ ಇದೇ ತಪ್ಪಾದರೆ ಯಾರಿಗೆ ಗೊತ್ತಾಗುತ್ತದೆ? ಯಂತ್ರ ಚೆನ್ನಾಗಿ ಅನುವಾದ ಮಾಡುತ್ತದೆ ಎಂಬುದು ನನ್ನ ಭಯವಲ್ಲಮ್ಮಾ. ಇಷ್ಟು ಸಾಕು ಎಂದು ಕೊಳ್ಳುವವನು ನಿರ್ಧರಿಸಿಬಿಟ್ಟಿದ್ದಾನೆ, ಅದು ನನ್ನ ಭಯ. ಕೊಳ್ಳುವವನಿಗೆ ಎರಡು ಭಾಷೆ ಗೊತ್ತಿರುವುದಿಲ್ಲ. ಗೊತ್ತಿದ್ದರೆ ನಮ್ಮ ಹತ್ತಿರ ಬರುತ್ತಲೇ ಇರಲಿಲ್ಲ. ತಾನು ಕೊಳ್ಳುವ ಸಾಮಾನಿನ ಗುಣ ಕೊಳ್ಳುವವನಿಗೇ ತಿಳಿಯದಂಥ ವ್ಯಾಪಾರ ಇದು. ಅವನಿಗೆ ಕಾಣುವುದು ಎರಡೇ: ಎಷ್ಟು ದಿನ, ಎಷ್ಟು ದುಡ್ಡು.

ಹೊಸಬಳು: ಹಾಗಾದರೆ ಗುಣ ತೋರಿಸಿಕೊಡುವುದೂ ನಮ್ಮ ಕೆಲಸ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ 2024ರಲ್ಲಿ ಒಂದು ನಿಯಮ ಬಂತು. ರೋಗಿಯ ಹಕ್ಕಿಗೆ, ಚಿಕಿತ್ಸೆಗೆ ಸಂಬಂಧಿಸಿದ ಮುಖ್ಯ ಕಾಗದಪತ್ರವನ್ನು ಯಂತ್ರ ಅನುವಾದ ಮಾಡಿದರೆ ಅರ್ಹ ಅನುವಾದಕರು ಅದನ್ನು ನೋಡಲೇಬೇಕು. ಮಕ್ಕಳ ಮನೆಗೆ ಹೋಗಿ ಅಲ್ಲೇ ಉಳಿದ ನಮ್ಮ ಅಜ್ಜ ಅಜ್ಜಿಯರಿಗೂ ಅದು ಅನ್ವಯ. ಯಾರೋ ಗುಣ ತೋರಿಸಿ ವಾದ ಮಾಡಿದ್ದಕ್ಕೇ ಆ ನಿಯಮ ಬಂದದ್ದು.

ಹಳಬರು: ಒಳ್ಳೆಯದೇ. ಆದರೆ ನೋಡಬೇಕು ಅಂದರು, ಎಷ್ಟು ಹೊತ್ತು ನೋಡಬೇಕು ಅಂತ ಹೇಳಿದರಾ? ಗಂಟೆಗೆ ಎಷ್ಟು ಪುಟ ನೋಡಬೇಕೆಂದು ಏಜೆನ್ಸಿ ಹೇಳುತ್ತದೆ. ನಾನು ಒಂದು ಉದಾಹರಣೆ ಕೊಡುತ್ತೇನೆ, ಕೇಳು. ಜಪಾನಿಯಲ್ಲಿ ಒಂದು ವಸ್ತು ಅಂದರೆ ಒಂದೋ ಹಲವೋ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಕನ್ನಡದಲ್ಲೂ ಮರ ಕಡಿದರು ಅಂದರೆ ಒಂದೇ ಮರವೋ ಇಡೀ ತೋಪೋ ಗೊತ್ತಾಗುವುದಿಲ್ಲವಲ್ಲ, ಹಾಗೆ. ಇಂಗ್ಲಿಷಿನಲ್ಲಿ ಹೇಳದೆ ವಿಧಿಯಿಲ್ಲ. ಪೇಟೆಂಟಿನಲ್ಲಿ ಹಕ್ಕುಕೋರಿಕೆ ಅಂತ ಇರುತ್ತದೆ, ಇಷ್ಟು ನಮ್ಮದು ಎಂದು ಬೇಲಿ ಹಾಕುವ ಭಾಗ. ಅಮೆರಿಕದ ಪದ್ಧತಿಯಲ್ಲಿ ಒಂದೊಂದು ಕೋರಿಕೆಯೂ ಒಂದೇ ವಾಕ್ಯ, ಅದು ಅರ್ಧ ಪುಟ ಹರಿದರೂ. ಅದರಲ್ಲಿ ಕವಾಟ ಒಂದೋ ಹಲವೋ, ಎರಡನೇ ಸಲ ಬಂದಾಗ ಅದೇ ಕವಾಟವೋ ಇನ್ನೊಂದೋ, ಇದರ ಮೇಲೆ ಮುಂದೆ ಕೋರ್ಟಿನಲ್ಲಿ ವಾದ ನಡೆಯಬಹುದು. ಮೂಲದಲ್ಲಿ ಉತ್ತರ ಇಲ್ಲ. ಚಿತ್ರ ನೋಡಬೇಕು. ಚಿತ್ರದಲ್ಲೂ ಇಲ್ಲವೆಂದರೆ ಬರೆದ ಎಂಜಿನಿಯರನ್ನು ಕೇಳಬೇಕು. ನೇರ ಕೇಳುವ ಹಾಗಿಲ್ಲ, ಏಜೆನ್ಸಿ ಮೂಲಕ. ಉತ್ತರ ಬರುವುದಕ್ಕೆ ಒಂದು ದಿನ. ಆ ದಿನ ನಾನು ಒಂದು ಹೊಸ ಪದವನ್ನೂ ಬರೆದಿರುವುದಿಲ್ಲ. ಹಾಗಾಗಿ ಆ ದಿನಕ್ಕೆ ಕೂಲಿಯೂ ಇಲ್ಲ. ನನ್ನ ವಿದ್ಯೆಯೆಲ್ಲ ಇರುವುದು ಆ ಒಂದು ದಿನದಲ್ಲಿ. ಅನುಮಾನ ಪಟ್ಟಿದ್ದಕ್ಕೆ, ತಡೆದು ನಿಂತಿದ್ದಕ್ಕೆ ಬೆಲೆ ಕಟ್ಟುವ ಅಳತೆಗೋಲನ್ನು ಈ ಕಸುಬಿನಲ್ಲಿ ನಾನು ಕಂಡಿಲ್ಲ. ನಮ್ಮ ಕಾಲದಲ್ಲಿ ದರ ಜಾಸ್ತಿ ಇತ್ತು, ಆ ದಿನದ ಖರ್ಚು ಅದರೊಳಗೇ ಹೊಂದಿಕೊಳ್ಳುತ್ತಿತ್ತು. ಈಗಿನ ದರದಲ್ಲಿ ಅನುಮಾನ ಪಡುವವನಿಗೆ ನಷ್ಟ. ಅನುಮಾನವೇ ಪಡದವನು ಬದುಕುತ್ತಾನೆ.

ಹೊಸಬಳು ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಒಪ್ಪಿದಳು ಅಂದುಕೊಂಡೆ. ಹಾಗಾಗಲಿಲ್ಲ.

ಹೊಸಬಳು: ಅಂದರೆ ತಪ್ಪು ಯಂತ್ರದ್ದಲ್ಲ, ಅಳತೆಗೋಲಿನದು. ಪದಕ್ಕಿಷ್ಟು ಎನ್ನುವ ಅಳತೆಯನ್ನು ಒಪ್ಪಿಕೊಂಡವರು ನಿಮ್ಮ ಕಾಲದವರು.

ಹಳಬರು: ಒಪ್ಪುವ ಬಿಡುವ ಪ್ರಶ್ನೆ ಇರಲಿಲ್ಲ, ಅದು ರೂಢಿಯಲ್ಲಿತ್ತು. ಜಪಾನಿನಲ್ಲಿ 400 ಅಕ್ಷರಗಳ ಒಂದು ಹಾಳೆಗೆ ಇಷ್ಟು ಅಂತ. ಜಪಾನಿ, ಚೀನೀ, ಥಾಯ್ ಬರಹದಲ್ಲಿ ಪದಗಳ ನಡುವೆ ಜಾಗವೇ ಬಿಡುವುದಿಲ್ಲ, ಪದ ಎಣಿಸುವುದು ಹೇಗೆ? ಅಕ್ಷರ ಎಣಿಸುತ್ತಾರೆ, ಇಲ್ಲವೇ ಮುಗಿದ ಮೇಲೆ ಇಂಗ್ಲಿಷ್ ಪದ ಎಣಿಸುತ್ತಾರೆ.

ಹೊಸಬಳು: ಕನ್ನಡದಲ್ಲಿ ಪದ ಎಣಿಸುತ್ತಾರೆ, ಅದು ಇನ್ನೂ ಕೆಟ್ಟದು. ನಮ್ಮ ಒಂದು ಪದ ಬಿಚ್ಚಿಕೊಂಡರೆ ಇಂಗ್ಲಿಷಿನ ಮೂರು ನಾಲ್ಕು ಪದ. ಏಜೆನ್ಸಿಯವರು ಮೂಲ ಭಾಷೆಯ ಪದ ಎಣಿಸಿ ಕೊಡುತ್ತೇವೆ ಅಂದರೆ ಫ್ರೆಂಚಿನವನಿಗೆ ಸಿಗುವ ಕೂಲಿಯ ಅರ್ಧ ನಮಗೆ, ಬರೆಯುವ ಇಂಗ್ಲಿಷ್ ಅಷ್ಟೇ ಇದ್ದರೂ. ನಾನು ಮೊದಲನೇ ದಿನದಿಂದ ಹಟ ಹಿಡಿದಿದ್ದೇನೆ, ಇಂಗ್ಲಿಷ್ ಪದ ಎಣಿಸಿ ಅಂತ. ಇಬ್ಬರು ಒಪ್ಪಿದರು. ಮೂರನೆಯವರು ಮತ್ತೆ ಕೆಲಸ ಕೊಡಲಿಲ್ಲ.

ಹಳಬರು: ಎಣಿಕೆಯ ಹೊಡೆತ ಅಷ್ಟೇ ಅಲ್ಲ. ಅನುವಾದ ಸ್ಮೃತಿ ಅಂತ ತಂತ್ರಾಂಶ ಇದೆಯಲ್ಲ, ಟ್ರಾಡೋಸ್ ಮುಂತಾದವು. ನಾನು ಅನುವಾದಿಸಿದ ಪ್ರತಿ ವಾಕ್ಯ ಅದರಲ್ಲಿ ಜೋಡಿಯಾಗಿ ಕೂರುತ್ತದೆ. ಮುಂದಿನ ಕೈಪಿಡಿಯಲ್ಲಿ ಅಂಥದೇ ವಾಕ್ಯ ಬಂದರೆ ಹಳೆಯದನ್ನು ಎತ್ತಿ ಕೊಡುತ್ತದೆ. ಮೊದಮೊದಲು ಹಿಗ್ಗಿದೆ, ಅದೇ ಎಚ್ಚರಿಕೆ ಮಾತನ್ನು ನೂರು ಸಲ ಬರೆಯುವುದು ತಪ್ಪಿತಲ್ಲ ಅಂತ. ಆಮೇಲೆ ಬಿಲ್ಲು ಬಂತು. ಪೂರ್ತಿ ಹೊಂದುವ ವಾಕ್ಯಕ್ಕೆ ದರದ ಒಂದು ಸಣ್ಣ ಪಾಲು, ಅರೆಬರೆ ಹೊಂದುವುದಕ್ಕೆ ಇನ್ನಷ್ಟು, ಹೊಸದಕ್ಕೆ ಮಾತ್ರ ಪೂರ್ತಿ. ನಾನೇ ಬರೆದ ವಾಕ್ಯ ನನ್ನದೇ ಕೂಲಿಯನ್ನು ಕತ್ತರಿಸುತ್ತಿತ್ತು. ಆ ಸ್ಮೃತಿ ಕೋಶ ನನ್ನ ಹತ್ತಿರ ಉಳಿಯಲಿಲ್ಲ, ಏಜೆನ್ಸಿಯ ಪಾಲಾಯಿತು. ಅಲ್ಲಿಂದ ಎಲ್ಲಿಗೆ ಹೋಯಿತೋ. ನನ್ನಂಥ ಸಾವಿರಾರು ಜನ ಜೋಡಿಸಿಟ್ಟ ವಾಕ್ಯಗಳಿಂದಲೇ ಯಂತ್ರ ಕಲಿಯುವುದು. ನನ್ನ ವಿದ್ಯೆಯಿಂದ ಕಲಿತದ್ದು ನನ್ನ ಮುಂದೆ ಬಂದು ಕೂತಿದೆ, ಅದನ್ನು ತಿದ್ದುವುದಕ್ಕೆ ನನಗೆ ಅರ್ಧ ಕೂಲಿ.

ಹೊಸಬಳು: ಆಗ ನೀವೆಲ್ಲ ಒಟ್ಟಾಗಿ ಬೇಡ ಅನ್ನಬಹುದಿತ್ತು. ಜಪಾನಿನಲ್ಲಿ ಅನುವಾದಕರ ಸಂಘ 1985ರಿಂದ ಇದೆ. ಅಮೆರಿಕದ್ದು 1959ರದ್ದು.

ಹಳಬರು: ಸಂಘ ಇದೆ, ಸಮ್ಮೇಳನ ನಡೆಸುತ್ತದೆ, ಪರೀಕ್ಷೆ ನಡೆಸುತ್ತದೆ. ಇಷ್ಟಕ್ಕಿಂತ ಕಡಿಮೆಗೆ ಯಾರೂ ದುಡಿಯಬೇಡಿ ಅಂತ ಹೇಳಲು ಅದಕ್ಕೆ ಬರುವುದಿಲ್ಲ. ಫ್ರೀಲ್ಯಾನ್ಸ್ ಮಾಡುವವನು ಕಾನೂನಿನ ಕಣ್ಣಿನಲ್ಲಿ ಕೂಲಿಕಾರ ಅಲ್ಲ, ಒಂಟಿ ವ್ಯಾಪಾರಿ. ಕಾರ್ಮಿಕರು ಒಟ್ಟಾಗಿ ಕೂಲಿ ಕೇಳಿದರೆ ಅದು ಹಕ್ಕು. ವ್ಯಾಪಾರಿಗಳು ಒಟ್ಟಾಗಿ ಬೆಲೆ ಕಟ್ಟಿದರೆ ಅದು ಸ್ಪರ್ಧೆಯನ್ನು ಹತ್ತಿಕ್ಕುವ ಅಪರಾಧ. ಬ್ರಿಟನ್ನಿನ ಸೊಸೈಟಿ ಆಫ್ ಆಥರ್ಸ್ ಕೂಡ ಸಾಹಿತ್ಯದ ಅನುವಾದಕ್ಕೆ ಸಾವಿರ ಪದಕ್ಕೆ ಸುಮಾರು ನೂರು ಪೌಂಡ್ ಕೊಡುವುದನ್ನು ಗಮನಿಸಿದ್ದೇವೆ ಅಂತಷ್ಟೇ ಹೇಳುತ್ತದೆ, ಇಷ್ಟು ಕೊಡಲೇಬೇಕು ಅನ್ನುವುದಿಲ್ಲ. ಯಾರ ಅಪ್ಪಣೆಯೂ ಇಲ್ಲದೆ ಬದುಕಬೇಕು ಅಂತ ನಾನು ಈ ದಾರಿ ಹಿಡಿದೆ. ಒಂಟಿಯಾಗಿರುವುದೇ ಅದಕ್ಕೆ ತೆತ್ತ ಬೆಲೆ ಅಂತ ಆಮೇಲೆ ಗೊತ್ತಾಯಿತು.

ಹೊಸಬಳು: ನಾನು ಕಥೆ ಅನುವಾದಕ್ಕೆ ಬಂದದ್ದೇ ಅದಕ್ಕೆ ಸರ್. ಅಲ್ಲಿ ಅನುವಾದಕರಿಗೆ ಹೆಸರಿದೆ. ಹೆಸರಿದ್ದ ಕಡೆ ಹಕ್ಕು ಕೇಳಬಹುದು.

ಹಳಬರು: ಕೇಳಬಹುದು. ಆದರೆ ಒಂದು ಪ್ರಶ್ನೆ. ಕನ್ನಡದಿಂದ ಇಂಗ್ಲಿಷಿಗೆ ಸಾಹಿತ್ಯ ಅನುವಾದ ಮಾಡಿ, ಅದೊಂದರಿಂದಲೇ ಮನೆ ನಡೆಸಿದ ಒಬ್ಬರ ಹೆಸರು ಹೇಳು. ಎ. ಕೆ. ರಾಮಾನುಜನ್ ಶಿಕಾಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ವಚನಗಳ ಅನುವಾದ 1973ರಲ್ಲಿ ಬಂತು, ‘ಸಂಸ್ಕಾರ’ 1976ರಲ್ಲಿ. ತೇಜಸ್ವಿನಿ ನಿರಂಜನ ಪ್ರಾಧ್ಯಾಪಕರು. ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಇಂಗ್ಲಿಷಿಗೆ ತಂದ ವನಮಾಲಾ ವಿಶ್ವನಾಥ ಪ್ರಾಧ್ಯಾಪಕರು. ಒಂದು ಸಾಲಿನ ಮುಂದೆ ವಾರಗಟ್ಟಲೆ ಕೂರುವುದಕ್ಕೆ ಬೇಕಾದ ನೆಮ್ಮದಿಯನ್ನು ಅವರಿಗೆ ಕೊಟ್ಟದ್ದು ತಿಂಗಳ ಸಂಬಳ. ಅದಕ್ಕೇ ನಾನು ಹುಡುಗರಿಗೆ ಹೇಳುವುದು: ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಳ್ಳಿ, ಅನುವಾದವನ್ನು ಕೂಲಿಯ ಹಂಗಿನಿಂದ ಬಿಡಿಸಿ.

ಹೊಸಬಳು: ನಾನು ಒಪ್ಪದೇ ಇರುವುದು ಇದನ್ನೇ. ಅವರು ಯಾರ ಮೇಲೂ ನನಗೆ ಗೌರವ ಕಡಿಮೆ ಇಲ್ಲ. ಅವರ ಪುಸ್ತಕ ಓದಿಯೇ ನಾನು ಇಲ್ಲಿಗೆ ಬಂದದ್ದು. ಆದರೆ ಸಂಬಳ ಇದ್ದವರು ಪ್ರೀತಿಗಾಗಿ ಮಾಡಿದ್ದರಿಂದಲೇ ಈ ಕೆಲಸಕ್ಕೆ ನಮ್ಮಲ್ಲಿ ದರ ಅಂತ ಒಂದು ಹುಟ್ಟಲೇ ಇಲ್ಲ. ಪ್ರಕಾಶಕರು ನನ್ನನ್ನು ಕೇಳುವ ಮೊದಲ ಪ್ರಶ್ನೆ ನೀವು ಎಲ್ಲಿ ಕೆಲಸ ಮಾಡುತ್ತೀರಿ ಅಂತ. ಇದೇ ಕೆಲಸ ಅಂದರೆ ಅವರಿಗೆ ಗಲಿಬಿಲಿ. ವಿಶ್ವವಿದ್ಯಾಲಯದ ಒಳಗೆ ಜಾಗ ಸಿಕ್ಕವರು ಮಾತ್ರ ಅನುವಾದಿಸಬಹುದು ಅಂದರೆ, ಯಾವ ಕಥೆ ಇಂಗ್ಲಿಷಿಗೆ ಹೋಗಬೇಕು ಎನ್ನುವುದನ್ನೂ ಅಲ್ಲಿನವರೇ ಆರಿಸಿದ ಹಾಗಾಯಿತು. ನನ್ನ ಊರಿನ, ನನ್ನ ಜಾತಿಯ, ಪ್ರಾಧ್ಯಾಪಕ ಹುದ್ದೆಯ ಹತ್ತಿರವೂ ಸುಳಿಯದ ಹುಡುಗಿಯೊಬ್ಬಳು ತನ್ನ ಅಜ್ಜಿಯ ಮಾತನ್ನು ಬಲ್ಲಷ್ಟು ಚೆನ್ನಾಗಿ ಇನ್ಯಾರು ಬಲ್ಲರು? ಅವಳಿಗೆ ಈ ಕೆಲಸ ಸಿಗಬೇಕಾದರೆ ಅದರಲ್ಲಿ ಕೂಲಿ ಇರಲೇಬೇಕು. ಪ್ರೀತಿಗಾಗಿ ಮಾಡಿ ಅನ್ನುವ ಉಪದೇಶ ಸಂಬಳ ಇದ್ದವರಿಗೆ ಮಾತ್ರ ಸಲ್ಲುತ್ತದೆ.

ಈ ಮಾತಿಗೆ ಹಳಬರು ತಲೆಯಾಡಿಸಿದರು. ನನಗೂ ಇದು ನಾಟಿತು. ಕನ್ನಡದಲ್ಲಿ ಅನುವಾದವನ್ನು ಸೇವೆ ಎಂದು ಹೊಗಳುವ ಅಭ್ಯಾಸ ನಮಗೆಲ್ಲ ಇದೆ; ಆ ಹೊಗಳಿಕೆ ಯಾರನ್ನು ಹೊರಗಿಟ್ಟಿತು ಎಂದು ಕೇಳಿಕೊಂಡವರು ಕಡಿಮೆ.

ಹಳಬರು: ನೀನು ಹೇಳುವುದು ಸತ್ಯ. ಆದರೆ ಕೂಲಿಯಿಂದ ಆ ಹುಡುಗಿ ಬದುಕುವುದು ಹೇಗೆ ಅಂತ ಲೆಕ್ಕ ಹಾಕೋಣ. ಬ್ರಿಟನ್ನಿನ ದರವನ್ನೇ ಹಿಡಿ, ಅದು ಇಲ್ಲಿ ಸಿಗುವುದಿಲ್ಲ ಅನ್ನುವುದು ಬೇರೆ. 60,000 ಪದದ ಕಾದಂಬರಿಗೆ 6,000 ಪೌಂಡ್. ಒಳ್ಳೆಯ ಅನುವಾದಕ್ಕೆ ಕರಡು, ಮರುಕರಡು, ಲೇಖಕರ ಜೊತೆ ಮಾತು, ಸಂಪಾದಕರ ಜೊತೆ ಜಗಳ, ಎಲ್ಲ ಸೇರಿ ವರ್ಷ ಹಿಡಿಯುತ್ತದೆ. ಆ ದುಡ್ಡಲ್ಲಿ ಲಂಡನ್ನಿನಲ್ಲಿ ಒಂದು ವರ್ಷ ಬದುಕಲಾಗದು. ಇಲ್ಲಿಯ ಪ್ರಕಾಶಕರ ಮುಂಗಡದಲ್ಲಿ ಬೆಂಗಳೂರಿನಲ್ಲೂ ಆಗದು. ಬೇಗ ಮುಗಿಸಿದರೆ ಬದುಕಬಹುದು. ಬೇಗ ಮುಗಿಸಿದ ಅನುವಾದ ಅಜ್ಜಿಯ ಮಾತನ್ನು ಉಳಿಸುತ್ತದಾ?

ಹೊಸಬಳು: ಜಪಾನಿನ ಹಳೆಯ ಕಾದಂಬರಿ ‘ಗೆಂಜಿ’ಯನ್ನು ಇಂಗ್ಲಿಷಿಗೆ ತಂದ ಆರ್ಥರ್ ವೇಲಿ 1929ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಕೆಲಸ ಬಿಟ್ಟ. ‘ಗೆಂಜಿ’ಯ ಮೊದಲ ಸಂಪುಟ 1925ರದ್ದು, ಕೊನೆಯದು 1933ರದ್ದು. ನಡುವೆ ಸಂಬಳ ನಿಂತರೂ ಕೈ ನಿಲ್ಲಲಿಲ್ಲ.

ಹಳಬರು: ಅವನು ಚೀನೀ, ಜಪಾನಿ ಎರಡನ್ನೂ ತಾನೇ ಕಲಿತದ್ದು ಆ ಮ್ಯೂಸಿಯಮ್ಮಿನಲ್ಲಿ ಚಿತ್ರಪಟಗಳ ಪಟ್ಟಿ ಮಾಡುತ್ತ ಇದ್ದಾಗ. ಕಲಿಕೆಗೆ ಸಂಬಳ ಸಿಕ್ಕಿತ್ತು. ನೀನು ಕೊಟ್ಟ ಉದಾಹರಣೆ ಇಬ್ಬರ ಪರವಾಗಿಯೂ ನಿಲ್ಲುತ್ತದೆ.

ಹೊಸಬಳು: ನಿಲ್ಲಲಿ. ಸರ್, ನಿಮಗೆ ಇನ್ನೊಂದು ಬಾಗಿಲೂ ಮುಚ್ಚಿತ್ತಲ್ಲ? ಮಾತೃಭಾಷೆಯ ನಿಯಮ.

ಹಳಬರು: ಅದು ಜೀವನಪೂರ್ತಿ ಇತ್ತು. 1976ರಲ್ಲಿ ಯುನೆಸ್ಕೊ ನೈರೋಬಿಯಲ್ಲಿ ಅನುವಾದಕರ ಬಗ್ಗೆ ಒಂದು ಶಿಫಾರಸು ಮಾಡಿತು. ಅನುವಾದಕರ ಹಕ್ಕಿನ ಬಗ್ಗೆ ಅದರಲ್ಲಿ ಬಹಳ ಒಳ್ಳೆಯ ಮಾತುಗಳಿವೆ. ಜೊತೆಗೆ ಇದೂ ಇದೆ: ಆದಷ್ಟೂ ತನ್ನ ಮಾತೃಭಾಷೆಗೆ, ಇಲ್ಲವೇ ಅಷ್ಟೇ ಹಿಡಿತ ಇರುವ ಭಾಷೆಗೆ ಅನುವಾದಿಸಬೇಕು. ಏಜೆನ್ಸಿಗಳು ಅದರ ಮೊದಲರ್ಧ ಇಟ್ಟುಕೊಂಡರು, ಎರಡನೇ ಅರ್ಧ ಬಿಟ್ಟರು. ನನಗೆ ಜಪಾನಿಯೂ ಮಾತೃಭಾಷೆ ಅಲ್ಲ, ಇಂಗ್ಲಿಷೂ ಅಲ್ಲ. ಮಾದರಿ ಅನುವಾದ ನೋಡಿ ಮೆಚ್ಚಿದವರೇ ಹೆಸರು ನೋಡಿ ದರ ಇಳಿಸಿದ್ದುಂಟು. ಆದರೆ ಜಪಾನಿ ವಾಕ್ಯ ನನಗೆ ಎಂದೂ ತಲೆಕೆಳಗಾಗಿ ಕಾಣಲಿಲ್ಲ. ವಿಶೇಷಣ ವಾಕ್ಯ ಮೊದಲು, ಹೆಸರು ಆಮೇಲೆ, ಕ್ರಿಯೆ ಕಟ್ಟಕಡೆಗೆ, ಇದೆಲ್ಲ ಕನ್ನಡದ್ದೇ ನಡೆ. ಇಂಗ್ಲಿಷಿನಲ್ಲಿ ಹುಟ್ಟಿದವರು ವರ್ಷಗಟ್ಟಲೆ ಕಲಿಯುವುದು ನನಗೆ ಮನೆಯಲ್ಲೇ ಸಿಕ್ಕಿತ್ತು. ಅದಕ್ಕೆ ಯಾರೂ ಅಂಕ ಕೊಡಲಿಲ್ಲ.

ಹೊಸಬಳು: ಈಗ ಅಂಕ ಬಂದಿದೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ. ದೀಪಾ ಭಾಸ್ತಿ ಕೊಡಗಿನಲ್ಲಿ ಕೂತು ಅನುವಾದ ಮಾಡಿದವರು. ಓರೆಯಕ್ಷರ ಬೇಡ, ಅಡಿಟಿಪ್ಪಣಿ ಬೇಡ, ಕನ್ನಡದ ದನಿ ಇಂಗ್ಲಿಷಿನಲ್ಲಿ ಕೇಳಿಸಲಿ ಅಂತ ನಿಂತರು. ಇಂಗ್ಲಿಷ್ ಓದುಗ ತನ್ನ ಭಾಷೆ ಸ್ವಲ್ಪ ಅಲುಗಾಡುವುದನ್ನು ಸಹಿಸಲಿ ಅಂತ. 50,000 ಪೌಂಡ್ ಬಹುಮಾನ, ಲೇಖಕರಿಗೆ ಅರ್ಧ, ಅನುವಾದಕರಿಗೆ ಅರ್ಧ. ಹೀಗೆ ಸಮಪಾಲು ಮಾಡುವುದು ಅನುವಾದಕರೂ ಬರೆದವರೇ ಅಂತ ಒಪ್ಪಿದ ಹಾಗೆ. ಜಯಂತ ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ ಡಿಎಸ್‌ಸಿ ಪ್ರಶಸ್ತಿ ಬಂದಾಗಲೂ ಲೇಖಕರು, ಅನುವಾದಕಿ ಹಂಚಿಕೊಂಡರು.

ಹಳಬರು: ನನ್ನ ಕಣ್ಣು ಒದ್ದೆಯಾಯಿತು ಬೂಕರ್ ಬಂದ ದಿನ, ಸುಳ್ಳು ಹೇಳುವುದಿಲ್ಲ. ಆದರೆ ಬಹುಮಾನ ವರ್ಷಕ್ಕೆ ಒಬ್ಬರಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಸ್ಥಿತಿ ಉಳಿದವರದು. ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ದೊಡ್ಡ ಗೌರವ. ಮೊತ್ತ 50,000 ರೂಪಾಯಿ. ಗೌರವ ಕೊಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಅನುವಾದ ನಡೆಯುತ್ತಿರುವಾಗ, ಆ ಒಂದು ವರ್ಷ, ಯಾರು ಅನ್ನ ಹಾಕುತ್ತಾರೆ?

ಹೊಸಬಳು: ಕೊರಿಯಾ ಹಾಕಿತು. 1996ರಲ್ಲಿ ಒಂದು ಅನುವಾದ ನಿಧಿ ಅಂತ ಶುರುವಾಗಿ 2001ರಲ್ಲಿ ಅನುವಾದ ಸಂಸ್ಥೆಯಾಯಿತು. ಅನುವಾದಕರಿಗೆ ಹಣ, ಹೊರದೇಶದ ಪ್ರಕಾಶಕರಿಗೆ ನೆರವು, ತರಬೇತಿಗೆ ಒಂದು ಶಾಲೆ. 2016ರಲ್ಲಿ ಹಾನ್ ಕಾಂಗ್ ಅವರ ‘ದಿ ವೆಜಿಟೇರಿಯನ್’ಗೆ ಇಂಟರ್‌ನ್ಯಾಷನಲ್ ಬೂಕರ್, 2024ರಲ್ಲಿ ಅವರಿಗೇ ನೊಬೆಲ್. ಇಪ್ಪತ್ತು ಮೂವತ್ತು ವರ್ಷ ನೀರೆರೆದದ್ದರ ಫಲ ಅದು. ನಮ್ಮಲ್ಲಿ ಮೈಸೂರಿನಲ್ಲೇ ಭಾರತೀಯ ಭಾಷಾ ಸಂಸ್ಥಾನ ಇದೆ, ರಾಷ್ಟ್ರೀಯ ಅನುವಾದ ಮಿಷನ್ ಇದೆ, ಬೆಂಗಳೂರಿನಲ್ಲಿ ಕುವೆಂಪು ಭಾಷಾ ಭಾರತಿ ಇದೆ. ಕೈಕಾಲುಗಳೆಲ್ಲ ಇವೆ. ಬದುಕಿರುವ ಲೇಖಕರ ಪುಸ್ತಕವನ್ನು ಹೊರಗಿನ ಪ್ರಕಾಶಕರ ಕೈಗೆ ಮುಟ್ಟಿಸಿ, ಆ ವರ್ಷ ಅನುವಾದಕರನ್ನು ಸಾಕುವಂಥ ಯೋಜನೆ ಒಂದು ಬೇಕು.

ಹಳಬರು: ಆ ‘ವೆಜಿಟೇರಿಯನ್’ ಅನುವಾದಕಿ ಡೆಬೊರಾ ಸ್ಮಿತ್ ಕೊರಿಯನ್ ಕಲಿಯತೊಡಗಿ ಆಗ ಹೆಚ್ಚು ವರ್ಷ ಆಗಿರಲಿಲ್ಲ. ಅನುವಾದದಲ್ಲಿ ತಪ್ಪುಗಳಿವೆ ಅಂತ ಕೊರಿಯಾದಲ್ಲೇ ದೊಡ್ಡ ಗದ್ದಲ ಆಯಿತು.

ಹೊಸಬಳು: ಆಯಿತು. ತಪ್ಪುಗಳಿದ್ದವು. ಆದರೂ ಹಾನ್ ಕಾಂಗ್ ಆ ಅನುವಾದದ ಪರ ನಿಂತರು. ಅದರ ನಂತರ ಜಗತ್ತು ಕೊರಿಯನ್ ಪುಸ್ತಕಗಳನ್ನು ಹುಡುಕಿಕೊಂಡು ಬಂತು.

ಹಳಬರು: ನನಗೆ ತೊಡಕು ಅದಲ್ಲ. ಸರ್ಕಾರ ಅನ್ನ ಹಾಕಿದರೆ ಪುಸ್ತಕ ಆರಿಸುವವರೂ ಸರ್ಕಾರದ ಸಮಿತಿಯವರೇ. ಮುಸ್ಲಿಂ ಮನೆಗಳ ಒಳಗಿನ ಹೆಂಗಸರ ಸಂಕಟ ಬರೆದ ಬಾನು ಮುಷ್ತಾಕರ ಕಥೆಗಳನ್ನು ಜಗತ್ತಿಗೆ ಕಳಿಸೋಣ ಅಂತ ಯಾವ ಸಮಿತಿ ಮೊದಲು ಎದ್ದು ನಿಲ್ಲುತ್ತಿತ್ತು? ಅನುವಾದಕಿ ಕಥೆಗಳನ್ನು ತಾನೇ ಆರಿಸಿಕೊಂಡು ಕೂತದ್ದರಿಂದ ಆ ಪುಸ್ತಕ ಆಯಿತು. ಫ್ರೀಲ್ಯಾನ್ಸ್ ಅನ್ನುವುದರಲ್ಲಿ ಉಳಿದಿರುವ ಒಂದೇ ಬೆಲೆಬಾಳುವ ವಸ್ತು ಅದು, ಆಯ್ಕೆ. ಅದನ್ನೂ ಸಮಿತಿಯ ಮಡಿಲಿಗೆ ಹಾಕುತ್ತೀಯಾ?

ಹೊಸಬಳು: ಅದೇ ಪುಸ್ತಕಕ್ಕೆ ಇಂಗ್ಲಿಷ್ ಪೆನ್ ಸಂಸ್ಥೆಯ ಅನುವಾದ ನೆರವು ಸಿಕ್ಕಿತ್ತು ಸರ್. ಅದೂ ಸಮಿತಿಯೇ. ಪ್ರಕಾಶಕರು ಆರಿಸುವುದೂ ಒಂದು ಸಮಿತಿ ಕೂತೇ. ಮಾರುಕಟ್ಟೆಗೆ ಹೆದರದೆ, ಸರ್ಕಾರಕ್ಕೆ ಹೆದರದೆ ಆರಿಸುವ ನಾಲ್ಕು ಜನ ಒಂದು ಸಮಿತಿಯಲ್ಲಿ ಕೂರಲಿ ಅಂತ ನಾವು ಕೇಳಬೇಕು. ಕೇಳುವುದನ್ನೇ ಬಿಟ್ಟರೆ ಆಯ್ಕೆಯೂ ಉಳಿದಿದೆ ಅನ್ನುವುದು ಬರಿ ಸಮಾಧಾನ. ಹಗಲೆಲ್ಲ ಯಂತ್ರದ ವಾಕ್ಯ ತಿದ್ದಿ ರಾತ್ರಿ ಹನ್ನೊಂದಕ್ಕೆ ಕಥೆ ತೆಗೆದರೆ ನಾನು ಏನು ಆರಿಸುತ್ತೇನೆ ಗೊತ್ತಾ? ಚಿಕ್ಕ ಕಥೆ.

ಅಷ್ಟರಲ್ಲಿ ಕಾಫಿ ಬಂತು. ಲೋಟ ಬದಿಗಿಟ್ಟು ಅವಳು ಚೀಲದಿಂದ ಕಾಗದದ ಕಟ್ಟು ತೆಗೆದಳು. ಪ್ರಕಾಶಕರೊಬ್ಬರು ಕಳಿಸಿದ ಕರಾರು. ಬೆಳಗಿನಿಂದ ಇದನ್ನು ಕೇಳಬೇಕೆಂದೇ ಕಾದಿದ್ದಳೆಂದು ತೋರುತ್ತದೆ. ಕರಾರುಪತ್ರಗಳನ್ನೇ ಅನುವಾದಿಸಿ ಕಣ್ಣು ಪಳಗಿದವರು ಹಳಬರು. ಕನ್ನಡಕ ಏರಿಸಿ ಮೌನವಾಗಿ ಓದಿದರು.

ಹಳಬರು: ಅನುವಾದದ ಎಲ್ಲ ಹಕ್ಕು, ಎಲ್ಲ ಕಾಲಕ್ಕೆ, ಎಲ್ಲ ದೇಶಕ್ಕೆ, ಈಗಿರುವ ಮತ್ತು ಮುಂದೆ ಬರುವ ಎಲ್ಲ ಮಾಧ್ಯಮಕ್ಕೆ. ಯಂತ್ರಗಳ ತರಬೇತಿಗೆ ಬಳಸುವುದೂ ಸೇರಿ. ಒಂದೇ ಕಂತಿನ ಹಣ. ನೋಡು, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದವೂ ಸ್ವತಂತ್ರ ಕೃತಿ, ಅದರ ಕರ್ತೃ ನೀನು. ಹತ್ತೊಂಬತ್ತನೇ ಕಲಮಿನ ಪ್ರಕಾರ ಹಕ್ಕು ವಹಿಸಿಕೊಡುವಾಗ ಎಷ್ಟು ಕಾಲ ಅಂತ ಬರೆಯದಿದ್ದರೆ ಐದು ವರ್ಷ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತ ಮಾತ್ರ. ಕಾನೂನು ನಿನ್ನ ಕಡೆಗೇ ವಾಲಿದೆ. ಅದಕ್ಕೇ ಇವರು ಇಷ್ಟುದ್ದ ಬರೆದದ್ದು.

ಹೊಸಬಳು: ಹೆಸರು?

ಹಳಬರು: ಒಳಪುಟದಲ್ಲಿ ಅಂತ ಇದೆ. ಐವತ್ತೇಳನೇ ಕಲಮಿನಲ್ಲಿ, ಹಕ್ಕು ಮಾರಿದ ಮೇಲೂ ಕೃತಿ ನನ್ನದು ಅನ್ನುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ಮುಖಪುಟ ಅಂತ ಅಲ್ಲಿ ಇಲ್ಲ, ಅದನ್ನು ನೀನು ಕೇಳಿ ಬರೆಸಿಕೊಳ್ಳಬೇಕು. 2021ರಲ್ಲಿ ಅನುವಾದಕಿ ಜೆನಿಫರ್ ಕ್ರಾಫ್ಟ್ ಮುಖಪುಟದಲ್ಲಿ ಹೆಸರಿಲ್ಲದೆ ಅನುವಾದ ಮಾಡುವುದಿಲ್ಲ ಅಂದರಲ್ಲ, ಎಷ್ಟೋ ಲೇಖಕರೇ ಜೊತೆಗೆ ಸಹಿ ಹಾಕಿದರು. ಅದನ್ನು ಕೇಳು. ಯಂತ್ರದ ತರಬೇತಿಯ ಮಾತನ್ನು ಹೊಡೆದುಹಾಕು. ಕಾಲಮಿತಿ ಬರೆಸು. ಒಪ್ಪದಿದ್ದರೆ ಸಹಿ ಹಾಕಬೇಡ.

ಹೊಸಬಳು: ಬೆಳಿಗ್ಗೆಯಿಂದ ಇದು ಬದುಕಲ್ಲ ಅಂದವರು ಈಗ ಸಿಕ್ಕ ಕೆಲಸವನ್ನೂ ಬಿಡು ಅನ್ನುತ್ತೀರಿ.

ಹಳಬರು: ಅದಕ್ಕೇ ಹೇಳುವುದು. ಹೊಟ್ಟೆ ಇದನ್ನು ನಂಬಿರದಿದ್ದರೆ ಬಿಡುವುದು ಸುಲಭ.

ಹೊಸಬಳು: ಸರ್, ಈ ಲೇಖಕಿಗೆ ಎಂಬತ್ತರ ಮೇಲಾಗಿದೆ. ನನ್ನ ಕೈ ಹಿಡಿದು, ಇಂಗ್ಲಿಷಿನಲ್ಲಿ ಒಂದು ಸಲ ನೋಡಿಬಿಡುತ್ತೇನೆ ಅಂದಿದ್ದಾರೆ. ನಾನು ಕಲಮುಗಳಿಗೆ ಜಗಳ ಹೂಡಿ ಎರಡು ವರ್ಷ ಕಳೆದರೆ ಆ ಪುಸ್ತಕ ಯಾರಿಗೆ? ನೀವು ಹೇಳಿದ ಮೂರನ್ನೂ ಕೇಳುತ್ತೇನೆ. ಮುಖಪುಟದ ಹೆಸರಿಗೆ ಕೊನೆಯವರೆಗೂ ಹಿಡಿಯುತ್ತೇನೆ. ಉಳಿದೆರಡು ಸಿಗದಿದ್ದರೂ ಸಹಿ ಹಾಕುತ್ತೇನೆ.

ಹಳಬರು: ನೀನು ಸಹಿ ಹಾಕಿದರೆ ಮುಂದಿನ ಹುಡುಗಿಗೆ ಇದೇ ಕಾಗದ ತೋರಿಸುತ್ತಾರೆ, ಹಿಂದಿನವರು ಒಪ್ಪಿದ್ದಾರೆ ಅಂತ. ಅಜ್ಜಿಯ ಮಾತು ಬಲ್ಲ ಹುಡುಗಿ ಅಂದೆಯಲ್ಲ, ಅವಳಿಗೆ.

ಹೊಸಬಳು: ಸಹಿ ಹಾಕದಿದ್ದರೆ ಮುಂದಿನ ಹುಡುಗಿಗೆ ಓದುವುದಕ್ಕೆ ಈ ಪುಸ್ತಕವೇ ಇರುವುದಿಲ್ಲ. ನಾನು ಬಂದದ್ದು ಪುಸ್ತಕ ಓದಿ, ಕರಾರು ಓದಿ ಅಲ್ಲ.

ಹಳಬರು: ಇದನ್ನು ನಾನು ಒಪ್ಪುವುದಿಲ್ಲ.

ಹೊಸಬಳು: ಗೊತ್ತು. ಯಂತ್ರದ ತರಬೇತಿ ಬೇಡ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆದರೆ ಅವರ ವಕೀಲರು ನುಣುಚಿಕೊಳ್ಳಲಾಗದು? ಅದನ್ನು ಬರೆದುಕೊಡಿ. ಈ ರಾತ್ರಿಯೇ ಕಳಿಸುತ್ತೇನೆ.